ಪೇಂಟರ್ ಹೊಟ್ಟೆಯೂ ಯಜಮಾನರ ಹಾಲೂ

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತು ಗಂಡನ ಪ್ಯಾಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಬೀದಿಯ ಅರ್ಧ ಜನರ ಬಟ್ಟೆ ಹೊಲಿಯುವ ದರ್ಜಿ ಅವಳು. ಟೇಪು ಮುಟ್ಟದೆ, ಕಣ್ಣಲ್ಲೇ ಅಳೆದು ಇಷ್ಟು ಇಂಚು ಎಂದು ಹೇಳುವಷ್ಟು ಪಳಗಿದವಳು. ಅಂಥವಳಿಗೆ ಸ್ವಂತ ಗಂಡನ ಸೊಂಟವೇ ತಲೆನೋವಾಗಿತ್ತು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಪ್ಯಾಂಟು ಜಾರುತ್ತದೆ, ಬೆಲ್ಟಿಗೆ ಹೊಸ ತೂತು ಬೇಕು. ಮಧ್ಯಾಹ್ನ ಊಟಕ್ಕೆ ಬರುವಾಗ ಅದೇ ಪ್ಯಾಂಟಿನ ಗುಂಡಿ ಬಿಚ್ಚಿ, ಅಂಗಿಯನ್ನು ಮೇಲೆ ಇಳಿಬಿಟ್ಟುಕೊಂಡು ಬರುತ್ತಾನೆ.

"ಮೊನ್ನೆ ತಾನೇ ಬಿಗಿ ಮಾಡಿಕೊಟ್ಟೆ. ಈಗ ಸಡಿಲ ಮಾಡು ಅಂತೀರಿ. ಬೆಳಗ್ಗೆ ಒಂದು ಸೊಂಟ, ಮಧ್ಯಾಹ್ನ ಒಂದು ಸೊಂಟ. ನಾನು ಯಾವುದಕ್ಕೆ ಹೊಲೀಲಿ ಹೇಳಿ?"

"ಹೊಟ್ಟೆ ಉಬ್ಬಿದೆ ಕಣೇ. ನಾನೇನು ಬೇಕು ಅಂತ ಉಬ್ಬಿಸ್ಕೊಂಡಿದೀನಾ?" ಗಂಡ ಗೋಡೆಗೆ ಒರಗಿ ಕುಳಿತ. ಹೊಟ್ಟೆಯೊಳಗೆ ಯಾರೋ ಡ್ರಮ್ಮು ಉರುಳಿಸಿದ ಹಾಗೆ ಗುಡುಗುಡು ಎಂದಿತು. ಹೆಂಡತಿಗೂ ಕೇಳಿಸಿತು. ಇಬ್ಬರೂ ಕೇಳಿಸಲಿಲ್ಲ ಎಂಬಂತೆ ಮುಖ ತಿರುಗಿಸಿದರು.

ಇದು ಹೊಸ ಕಥೆಯಲ್ಲ. ಪ್ರತಿ ಬೀದಿಯಲ್ಲೂ ಇಂಥ ಒಂದು ಹೊಟ್ಟೆ ಇದ್ದೇ ಇರುತ್ತದೆ. ಅದಕ್ಕೆ ಬೀದಿಯವರೆಲ್ಲರ ಬಳಿಯೂ ಒಂದೊಂದು ಮದ್ದು ಇರುತ್ತದೆ. ಎದುರು ಮನೆಯವರು ಬೇಳೆ ಬಿಡು ಅಂದರು, ಬಿಟ್ಟ. ಪಕ್ಕದ ಅಂಗಡಿಯವನು ಈರುಳ್ಳಿ ಬಿಡು ಅಂದ, ಅದನ್ನೂ ಬಿಟ್ಟ. ಯಾರೋ ಮೊಟ್ಟೆ ಗ್ಯಾಸು ಅಂದರು, ಇನ್ಯಾರೋ ಖಾರ ಬೆಂಕಿ ಅಂದರು. ಎಲ್ಲವನ್ನೂ ಬಿಡುತ್ತಾ ಬಿಡುತ್ತಾ ಈಗ ಅವನ ತಟ್ಟೆಯಲ್ಲಿ ಉಳಿದದ್ದು ಬಿಳಿ ಅನ್ನ, ಉಪ್ಪು, ಮೇಲೆ ಒಂದಿಷ್ಟು ಮೊಸರು. ಹೆಂಡತಿ ರುಚಿರುಚಿಯಾಗಿ ಮಾಡಿಟ್ಟದ್ದನ್ನು ತಾನೊಬ್ಬಳೇ ತಿನ್ನಬೇಕಾಗಿತ್ತು.  ಇಷ್ಟೆಲ್ಲ ಬಿಟ್ಟರೂ ಹೊಟ್ಟೆ ಮಾತ್ರ ತನ್ನ ಹಟ ಬಿಟ್ಟಿರಲಿಲ್ಲ.

ಅವನು ಪೇಂಟರ್. ಗುದ್ದಿಸಿಕೊಂಡ, ತಗ್ಗು ಬಿದ್ದ ವಾಹನಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ಅವನ ಕೆಲಸ. ಟಿಂಕರ್ ತಗಡು ಬಡಿದು ನೇರ ಮಾಡುತ್ತಾನೆ, ಆಮೇಲೆ ಪೇಂಟರ್ ಗನ್ ಹಿಡಿದು ಬಣ್ಣ ಹೊಡೆಯುತ್ತಾನೆ. ಹಳೆಯ ಬಣ್ಣಕ್ಕೆ ಹೊಸ ಬಣ್ಣ ಕೂಡಿಸುವುದರಲ್ಲಿ ಅವನನ್ನು ಮೀರಿಸಿದವರು ಆ ಸುತ್ತಿನಲ್ಲಿ ಇರಲಿಲ್ಲ. ಬಿಸಿಲಲ್ಲಿ ಬೆಂದು ಮಾಸಿದ ಕೆಂಪಿಗೆ ಅದೇ ಮಾಸಲು ಕೆಂಪನ್ನೇ ಬೆರೆಸಿ ಕೊಡುತ್ತಿದ್ದ. ಗಿರಾಕಿ ಬಂದು ಎಲ್ಲಿ ಗುದ್ದಿಸಿದ್ದೆ ಎಂದು ತಾನೇ ಹುಡುಕಬೇಕು. ಆ ಕೆಲಸವೆಂದರೆ ಅವನಿಗೆ ಪ್ರಾಣ.

ಆದರೆ ಆ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇದೆ. ಬಾನೆಟ್ಟಿಗೆ ಬಣ್ಣ ಹೊಡೆಯಲು ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಕೈ ಒಂದೇ ಹದದಲ್ಲಿ ಓಡಬೇಕು. ನಿಂತರೆ ಗೆರೆ ಬೀಳುತ್ತದೆ, ಮತ್ತೆ ಉಜ್ಜಿ ಮೊದಲಿನಿಂದ ಹೊಡೆಯಬೇಕು. ಈಚೆಗೆ ಅವನು ಬಣ್ಣ ಬೆರೆಸಿ, ಗನ್ ತುಂಬಿ, ಮೊದಲ ಸುತ್ತು ಮುಗಿಸುವಷ್ಟರಲ್ಲಿ ಹೊಟ್ಟೆ ಹಿಂಡಲು ಶುರು. ಗನ್ ಕೆಳಗಿಟ್ಟು ಶೆಡ್ಡಿನ ಹಿಂದಕ್ಕೆ ಓಟ. ಹಿಂದಿರುಗಿ ಬರುವಷ್ಟರಲ್ಲಿ ಬಣ್ಣ ಅರ್ಧ ಒಣಗಿ, ಮೇಲೆ ಧೂಳು ಕೂತಿರುತ್ತಿತ್ತು.

"ಏನಪ್ಪಾ, ಇವತ್ತೂ ರೇಸಾ?" ಎಂದು ಟಿಂಕರ್ ಛೇಡಿಸುತ್ತಿದ್ದ. ಮಾತೂ ತಗಡು ಬಡಿದ ಹಾಗೆ ಇದ್ದದ್ದರಿಂದ ಅವನಿಗೆ ಎಲ್ಲರೂ ಸುತ್ತಿಗೆ ಎಂದೇ ಹೆಸರಿಟ್ಟಿದ್ದರು. ಪೇಂಟರ್ ನಗುತ್ತಿದ್ದ. ಒಳಗೊಳಗೆ ಅಳು ಬರುತ್ತಿತ್ತು.

ಅವನಿಗೆ ಕಾರಣ ಗೊತ್ತಿತ್ತು. ಅಥವಾ ಗೊತ್ತಿದೆ ಅಂದುಕೊಂಡಿದ್ದ. ಶೆಡ್ಡಿಗೆ ರಜೆ ಇದ್ದ ದಿನ ಹೊಟ್ಟೆ ತಣ್ಣಗಿರುತ್ತಿತ್ತು. ಮಾರನೇ ದಿನ ಶೆಡ್ಡಿನ ಬಾಗಿಲು ತೆರೆದರೆ ಮತ್ತೆ ಅದೇ ಪಾಡು. ಇದಕ್ಕಿಂತ ಸಾಕ್ಷಿ ಬೇಕೆ? ಬಣ್ಣ, ಅದನ್ನು ತೆಳುವಾಗಿಸುವ ಥಿನ್ನರ್, ಅದರ ವಾಸನೆ, ಅದೇ ಹೊಟ್ಟೆಗೆ ಇಳಿದಿದೆ. ಶೆಡ್ಡು ಕಟ್ಟಿದ ಹಿರಿಯ ಯಜಮಾನರೂ ಪೇಂಟರೇ. ಕೊನೆಗಾಲದಲ್ಲಿ ಉಸಿರಿಗೆ ಒದ್ದಾಡಿ ಹೋದರು. ಅವರಿಗೆ ಎದೆಗೆ ಬಂತು, ತನಗೆ ಹೊಟ್ಟೆಗೆ ಬಂದಿದೆ, ಇಷ್ಟೇ ವ್ಯತ್ಯಾಸ ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ.

"ಕೆಲಸ ಬಿಡ್ತೀನಿ," ಎಂದ ಆ ಮಧ್ಯಾಹ್ನ, ಗೋಡೆಗೆ ಒರಗಿದಲ್ಲಿಂದಲೇ. "ನಿನ್ನ ತಮ್ಮ ಹೇಳ್ತಿದ್ನಲ್ಲ, ಗೋಡೌನಿನಲ್ಲಿ ಗೇಟ್ ಕಾಯೋ ಕೆಲಸ. ಬರ್ತೀನಿ ಅಂತ ಹೇಳು. ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ."

ಹೊಲಿಗೆ ಯಂತ್ರ ನಿಂತಿತು. ಗೇಟಿನ ಕೆಲಸಕ್ಕೆ ಅವಳ ತಕರಾರಿರಲಿಲ್ಲ. ಆದರೆ ಬೀದಿಯಲ್ಲಿ ನಡೆಯುವಾಗ ಕೂಡ, ಆ ಕಾರಿನ ಬಣ್ಣ ನಾನು ಹೊಡೆದದ್ದು, ಈ ವ್ಯಾನು ನಂದು, ಎಂದು ತೋರಿಸುತ್ತಾ ಬರುವ ಗಂಡ ಇವನು. ಕುರ್ಚಿಯಲ್ಲಿ ಕೂತರೆ ಇವನಲ್ಲಿ ಏನು ಉಳಿಯುತ್ತದೆ ಎಂದು ಅವಳಿಗೆ ಸಂಕಟವಾಯಿತು.

"ಬಿಡೋಣ. ಆದ್ರೆ ಮೊದಲು ಆಸ್ಪತ್ರೆಗೆ ಹೋಗೋಣ."

"ಆಸ್ಪತ್ರೆಗೆ ಹೋದ್ರೆ ಏನಾದ್ರೂ ದೊಡ್ಡ ಕಾಯಿಲೆ ಅಂದುಬಿಟ್ರೆ?"

"ಅಂದ್ರೆ ಔಷಧಿ ತಗೊಳ್ಳೋಣ. ನೀವು ಹೀಗೆ ಗೋಡೆ ಹಿಡ್ಕೊಂಡು ಕೂತ್ರೆ ಕಾಯಿಲೆ ನಾಚ್ಕೊಂಡು ಹೋಗುತ್ತಾ?"

ಹೀಗೆ ಅವಳು ಅವನನ್ನು ಎಳೆದುಕೊಂಡೇ ಹೋದಳು ಎನ್ನಬೇಕು.

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಮಲದಲ್ಲಿ ರಕ್ತ ಇದೆಯೇ, ಜ್ವರ ಬರುತ್ತದೆಯೇ, ನಿದ್ದೆಯಿಂದ ಎಬ್ಬಿಸುವಂತೆ ಭೇದಿ ಆಗುತ್ತದೆಯೇ ಎಂದು ಕೇಳಿದರು. ತೂಕ ಇಳಿದದ್ದು ಕಂಡು ರಕ್ತ, ಮಲ ಪರೀಕ್ಷೆಗೆ ಬರೆದರು. ವರದಿ ಬರುವವರೆಗೆ ಪೇಂಟರ್ ಊಟದ ಜೊತೆ ಮಾತನ್ನೂ ಬಿಟ್ಟಿದ್ದ. ವರದಿಯಲ್ಲಿ ಭಯಪಡುವಂಥದ್ದು ಏನೂ ಇರಲಿಲ್ಲ.

"ಊಟ ಕಡಿಮೆ ಮಾಡಿದ್ದಕ್ಕೇ ತೂಕ ಇಳಿದಿದೆ. ಯಾವುದೋ ಆಹಾರ ನಿಮಗೆ ಒಗ್ಗುತ್ತಿಲ್ಲ ಅನ್ನಿಸುತ್ತೆ," ಎಂದು ಡಾಕ್ಟರು ಅವನನ್ನು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಊಟತಿಂಡಿಯ ಬಗ್ಗೆ ಸಲಹೆ ಕೊಡುವ ನರ್ಸಮ್ಮ ಕುಳಿತಿದ್ದರು. ಅದಕ್ಕೆಂದೇ ತರಬೇತಿ ಪಡೆದವರು. ಮೇಜಿನ ಮೇಲೆ ಸಣ್ಣ, ದೊಡ್ಡ ಲೋಟ, ಬಟ್ಟಲುಗಳ ಸಾಲು. ಎಷ್ಟು ತಿಂದಿರಿ ಎಂದು ಕೇಳಿದರೆ ಜನ ಸ್ವಲ್ಪ ಅಂತಾರೆ, ಅವರ ಸ್ವಲ್ಪ ಎಷ್ಟು ಎಂದು ತಿಳಿಯಲು ಇವು ಬೇಕು ಎಂದು ನಗುತ್ತಾ ಹೇಳಿದರು.

"ಬೆಳಗ್ಗೆ ಎದ್ದಾಗಿಂದ ಏನೇನು ತಿಂತೀರಿ, ಏನೇನು ಕುಡೀತೀರಿ, ಒಂದೂ ಬಿಡದೆ ಹೇಳಿ."

ಪೇಂಟರ್ ಹೇಳಿದ. ಹಾಲು ಹಾಕದ ಚಹಾ, ಏಕೆಂದರೆ ಹೆಂಡತಿಗೆ ಅದೇ ಇಷ್ಟ, ಮದುವೆಯಾದಾಗಿನಿಂದ ಅವನಿಗೂ ಅದೇ. ಎರಡು ತುಂಡು ಬ್ರೆಡ್ಡು. ಮಧ್ಯಾಹ್ನ ಅನ್ನ, ಮೊಸರು. ಸಂಜೆ ಮತ್ತೆ ಚಹಾ. ರಾತ್ರಿಗೂ ಅನ್ನವೇ.

"ಮೊಸರು ತಿಂದ ಮೇಲೆ ಹೊಟ್ಟೆ ಕೆಡುತ್ತಾ?"

"ಇಲ್ಲ ಮೇಡಂ. ಊಟ ಆದ ಮೇಲೆ ಸ್ವಲ್ಪ ಸಮಾಧಾನಾನೇ ಆಗುತ್ತೆ. ಕೆಡೋದು ಅದಕ್ಕೂ ಮುಂಚೆ, ಕೆಲಸದ ಹೊತ್ತಲ್ಲಿ."

"ಕೆಲಸದ ಜಾಗದಲ್ಲಿ ಏನು ತಿಂತೀರಿ?"

"ಏನೂ ಇಲ್ಲ. ಒಂದು ಬಿಸ್ಕತ್ತು ಕೂಡ ಮುಟ್ಟಲ್ಲ."

ನರ್ಸಮ್ಮ ಯೋಚನೆಗೆ ಬಿದ್ದರು. ಹೆಂಡತಿ ಗಂಡನ ಪರವಾಗಿ ತಲೆಯಾಡಿಸಿದಳು. ಪೇಂಟರ್ ಮೆಲ್ಲಗೆ ತನ್ನ ಅನುಮಾನ ಹೊರಗೆ ಹಾಕಿದ. "ತಿನ್ನೋದರದ್ದಲ್ಲ ಮೇಡಂ. ಬಣ್ಣದ್ದು. ಅದು ಹೊಟ್ಟೆಗೆ ಇಳಿದುಬಿಟ್ಟಿದೆ."

"ಬಣ್ಣದ ಗಾಳಿ ಕೆಟ್ಟದ್ದೇ. ಮಾಸ್ಕ್ ಹಾಕ್ಕೊಳ್ತೀರಾ?"

"ಮಾಸ್ಕ್ ಯಾಕೆ ಮೇಡಂ?" ಪೇಂಟರ್ ಅದೇನು ಪ್ರಶ್ನೆ ಎಂಬಂತೆ ನೋಡಿದ. "ನಮ್ಮ ಯಜಮಾನ್ರು ಹಾಲು ಕೊಡ್ತಾರಲ್ಲ!"



"ಯಾವ ಹಾಲು?" ಎಂದರು ನರ್ಸಮ್ಮ.

"ಯಾವ ಹಾಲು?" ಎಂದಳು ಹೆಂಡತಿ, ಇನ್ನೂ ಜೋರಾಗಿ.

ಆಗ ಹೊರಗೆ ಬಂತು. ಹಿರಿಯ ಯಜಮಾನರು ತೀರಿಕೊಂಡ ಮೇಲೆ ಅವರ ಮಗ, ಈಗಿನ ಯಜಮಾನರು, ಶೆಡ್ಡಿನಲ್ಲಿ ಒಂದು ಪದ್ಧತಿ ಮಾಡಿದ್ದರು. ಬಣ್ಣದ ಕೆಲಸ ಶುರುವಾಗುವ ಮುಂಚೆ ಎಲ್ಲರಿಗೂ ದೊಡ್ಡ ಲೋಟದ ತುಂಬ ಹಾಲು. ಹಾಲು ಕುಡಿದರೆ ಬಣ್ಣದ ವಾಸನೆ, ಧೂಳು ಎಲ್ಲ ತೊಳೆದುಕೊಂಡು ಹೋಗುತ್ತದೆ ಎಂದು ಅವರ ನಂಬಿಕೆ. ಲೋಟ ಖಾಲಿಯಾಗುವವರೆಗೆ ಪಕ್ಕದಲ್ಲೇ ನಿಂತಿರುತ್ತಾರೆ. ಪೇಂಟರ್‌ಗೆ ಹೊಟ್ಟೆ ಕೆಟ್ಟಿದೆ ಎಂದು ತಿಳಿದ ಮೇಲೆ, ಬಣ್ಣ ಜಾಸ್ತಿ ಸೇರಿದೆ ಕಣಯ್ಯಾ ಎಂದು ಅವನಿಗೆ ಮಾತ್ರ ಎರಡು ಲೋಟ.

"ಬರೀ ಎರಡು ತುಂಡು ಬ್ರೆಡ್ಡಿನ ಮೇಲೆ ಎರಡು ಲೋಟ?" ನರ್ಸಮ್ಮ ಮೇಜಿನಿಂದ ಎಲ್ಲಕ್ಕಿಂತ ದೊಡ್ಡ ಲೋಟ ಎತ್ತಿ ತೋರಿಸಿದರು. "ಇಷ್ಟು ದೊಡ್ಡದಾ?"

"ಇದಕ್ಕಿಂತ ಸ್ವಲ್ಪ ದೊಡ್ಡದೇ."

"ಒಂದೂ ಬಿಡದೆ ಹೇಳಿ ಅಂದಿದ್ನಲ್ಲ!"

"ಅದು ಊಟ ಅಲ್ಲ ಮೇಡಂ. ಔಷಧಿ."

ಹೆಂಡತಿ ಹಣೆಗೆ ಕೈಹಚ್ಚಿಕೊಂಡಳು. ತನ್ನ ಕೈಯಡುಗೆಯ ಬೇಳೆ, ಮೊಟ್ಟೆ, ಈರುಳ್ಳಿ ಎಲ್ಲದರ ಮೇಲೂ ಅನುಮಾನ ಪಟ್ಟು, ಎರಡು ಲೋಟ ಹಾಲನ್ನು ಲೆಕ್ಕಕ್ಕೇ ಹಿಡಿಯದ ಗಂಡನನ್ನು ಅವಳು ನೋಡಿದ ನೋಟಕ್ಕೆ ಅವನು ಕುರ್ಚಿಯಲ್ಲೇ ಚಿಕ್ಕವನಾದ.

ನರ್ಸಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದೆ. ಅದನ್ನು ಅರಗಿಸುವ ರಸ ನಮ್ಮ ಕರುಳಿನಲ್ಲೇ ತಯಾರಾಗಬೇಕು. ಚಿಕ್ಕಂದಿನಲ್ಲಿ ಅದು ಎಲ್ಲರಿಗೂ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ದೊಡ್ಡವರಾಗುತ್ತಾ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಆಗ ಹಾಲಿನ ಸಕ್ಕರೆ ಅರಗದೆ ಕೆಳಗಿಳಿದು, ಕರುಳಿನಲ್ಲಿ ಹುಳಿತು, ಗಾಳಿ ತುಂಬಿಕೊಳ್ಳುತ್ತದೆ. ಹೊಟ್ಟೆ ಉಬ್ಬುತ್ತದೆ, ಗುಡುಗುತ್ತದೆ, ಹಿಂಡುತ್ತದೆ, ಭೇದಿಯೂ ಆಗುತ್ತದೆ. ಕುಡಿದು ಅರ್ಧ ಗಂಟೆಗೂ ಆಗಬಹುದು, ಎರಡು ಗಂಟೆ ಬಿಟ್ಟೂ ಆಗಬಹುದು.

"ಹಾಗಾದ್ರೆ ನನಗೆ ಕಾಯಿಲೆನಾ?"

"ಕಾಯಿಲೆ ಅಲ್ಲ ಕಣಪ್ಪಾ. ಒಬ್ಬರಿಗೆ ಅರಗುತ್ತೆ, ಒಬ್ಬರಿಗೆ ಅರಗಲ್ಲ. ಅಷ್ಟೇ."

"ಮತ್ತೆ ಮೊಸರು? ಅದೂ ಹಾಲೇ ಅಲ್ವಾ?" ಪೇಂಟರ್ ಅಷ್ಟು ಸುಲಭಕ್ಕೆ ಬಿಡುವವನಲ್ಲ.

"ಹೆಪ್ಪು ಹಾಕಿದಾಗ ಆ ಸಕ್ಕರೆಯಲ್ಲಿ ಒಂದು ಪಾಲು ಹುಳಿಯಾಗಿ ಹೋಗಿರುತ್ತೆ. ಉಳಿದಿದ್ದನ್ನ ಅರಗಿಸೋಕೂ ಮೊಸರೇ ಸಹಾಯ ಮಾಡುತ್ತೆ. ಅದಕ್ಕೇ ಹಾಲು ಒಗ್ಗದ ಎಷ್ಟೋ ಜನಕ್ಕೆ ಮೊಸರು ಒಗ್ಗುತ್ತೆ. ನಿಮ್ಮ ಹೊಟ್ಟೆ ಆಗಲೇ ಹೇಳಿತ್ತು, ನೀವು ಕೇಳಿಸ್ಕೊಂಡಿಲ್ಲ."

"ರಜೆ ದಿನ ಚೆನ್ನಾಗಿರ್ತಿತ್ತಲ್ಲ..."

"ರಜೆ ದಿನ ಹಾಲು ಕೊಡ್ತಿದ್ರಾ?"

ಪೇಂಟರ್ ಇಲ್ಲ ಎಂದು ತಲೆಯಾಡಿಸಿದ.

"ಇದೇ ಇರಬೇಕು ಅಂತ ನನ್ನ ಅಂದಾಜು," ಎಂದರು ನರ್ಸಮ್ಮ. "ಅಂದಾಜನ್ನ ಪರೀಕ್ಷೆ ಮಾಡಿ ನೋಡೋಣ. ಎರಡು ವಾರ ಹಾಲು ಪೂರ್ತಿ ಬಿಡಿ. ಬೇರೆ ಏನನ್ನೂ ಬಿಡಬೇಡಿ. ಬಿಟ್ಟಿರೋ ಬೇಳೆ, ಮೊಟ್ಟೆ, ತರಕಾರಿ ಒಂದೊಂದಾಗಿ ತಟ್ಟೆಗೆ ವಾಪಸ್ ಬರಲಿ. ಎಲ್ಲ ಒಂದೇ ದಿನ ಬೇಡ, ಯಾವುದು ಹೇಗೆ ಅಂತ ಗೊತ್ತಾಗಲ್ಲ. ಆಮೇಲೆ ಬನ್ನಿ, ಊಟದ ಜೊತೆ ಸ್ವಲ್ಪವೇ ಸ್ವಲ್ಪ ಹಾಲು ಸೇರಿಸಿ ನೋಡೋಣ. ಮತ್ತೆ, ಮಾಸ್ಕ್ ತಗೊಳ್ಳಿ. ಬಣ್ಣಕ್ಕೆ ಅಂತಲೇ ಎರಡು ಕಡೆ ಫಿಲ್ಟರ್ ಇರೋ ಮಾಸ್ಕ್ ಸಿಗುತ್ತೆ. ಹಾಲಿಂದ ಬಣ್ಣ ತೊಳೆಯಲ್ಲ."

 ಮನೆ ಬಾಗಿಲಲ್ಲಿ ನಿಂತು ಪೇಂಟರ್ ಹೇಳಿದ. "ಹಾಲು ಬಿಡಬಹುದು. ಯಜಮಾನ್ರಿಗೆ ಹೇಗೆ ಹೇಳೋದು?"

ಅದೇ ಕಷ್ಟದ ಮಾತು. ಆ ಹಾಲನ್ನು ಯಜಮಾನರು ತಾವೇ ಹೋಗಿ ತರುತ್ತಿದ್ದರು, ತಾವೇ ಕಾಯಿಸುತ್ತಿದ್ದರು. ಮೊದಲ ದಿನ ಪೇಂಟರ್‌ಗೆ ಧೈರ್ಯ ಬರಲಿಲ್ಲ. ಯಜಮಾನರು ಫೋನ್ ಎತ್ತಿಕೊಂಡು ಆಚೆ ತಿರುಗಿದ್ದೇ ತಡ, ಎರಡೂ ಲೋಟವನ್ನು ಸುತ್ತಿಗೆಯತ್ತ ತಳ್ಳಿದ. ಸುತ್ತಿಗೆ ಕಾರಣ ಕೇಳಲಿಲ್ಲ. ತನ್ನದನ್ನೂ ಸೇರಿಸಿ ಮೂರನ್ನೂ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಸಂಜೆಯವರೆಗೆ ಕಲ್ಲಿನಂತೆ ತಗಡು ಬಡಿದ. ಅವನ ಹೊಟ್ಟೆಗೆ ಏನೂ ಆಗಲಿಲ್ಲ. ಒಬ್ಬೊಬ್ಬರ ಹೊಟ್ಟೆ ಒಂದೊಂದು ಥರ ಎಂಬ ನರ್ಸಮ್ಮನ ಮಾತಿಗೆ ಇದಕ್ಕಿಂತ ದೊಡ್ಡ ರುಜುವಾತು ಪೇಂಟರ್‌ಗೆ ಬೇಕಿರಲಿಲ್ಲ.

ಹಾಗೆ ಕೆಲವು ದಿನ ನಡೆಯಿತು. ಹೊಟ್ಟೆ ಮೊದಲು ಗೊಣಗುವುದು ಕಡಿಮೆ ಮಾಡಿತು, ಆಮೇಲೆ ಸುಮ್ಮನೇ ಆಯಿತು. ಒಂದು ದಿನ ಅವನು ಬೇಕರಿಯ ವ್ಯಾನಿನ ಇಡೀ ಒಂದು ಮಗ್ಗುಲಿಗೆ ಎಲ್ಲೂ ನಿಲ್ಲದೆ ಬಣ್ಣ ಹೊಡೆದು ಮುಗಿಸಿದ. ಗನ್ ಕೆಳಗಿಟ್ಟ ಮೇಲೂ ಹೊಟ್ಟೆ ಹಿಂಡಲಿಲ್ಲ. ಹಿಂಡೀತು ಎಂದು ಕಾದು ನಿಂತ. ಏನೂ ಆಗಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು, ಥಿನ್ನರ್ ವಾಸನೆ ಎಂದು ಸುತ್ತಿಗೆಗೆ ಸುಳ್ಳು ಹೇಳಿದ.

ಆದರೆ ಕದ್ದುಮುಚ್ಚಿ ಮಾಡಿದ್ದು ಎಷ್ಟು ದಿನ ನಡೆದೀತು? ಮರುದಿನ ಲೋಟ ಕೈ ಬದಲಾಯಿಸುವಾಗಲೇ ಯಜಮಾನರು ತಿರುಗಿ ನೋಡಿದರು.

"ಏನಿದು?"

ಸುತ್ತಿಗೆ ತಕ್ಷಣ ಒಂದು ಬಾಗಿಲು ಎತ್ತಿಕೊಂಡು ಬಡಿಯುವವನಂತೆ ಆಚೆ ನಡೆದುಬಿಟ್ಟ.

"ಯಜಮಾನ್ರೆ, ಹಾಲು ನನ್ನ ಹೊಟ್ಟೆಗೆ ಆಗಲ್ಲ," ಎಂದ ಪೇಂಟರ್. "ಆಸ್ಪತ್ರೇಲಿ ಹೇಳಿದ್ರು. ಇಷ್ಟು ದಿನ ನಾನು ಓಡ್ತಿದ್ದಿದ್ದು ಹಾಲಿಂದ."

ಯಜಮಾನರ ಮುಖ ಕೆಂಪಾಯಿತು. "ಹಾಲು ಕುಡಿದು ಹೊಟ್ಟೆ ಕೆಡುತ್ತಾ? ಯಾರಯ್ಯ ನಿನ್ನ ತಲೆ ತುಂಬಿದ್ದು? ನಾನೇನು ನಿನಗೆ ವಿಷ ಕೊಟ್ನಾ?"

"ಅಯ್ಯೋ, ಹಾಗಲ್ಲ..."

"ಮತ್ತೆ ಹೇಗೆ? ನಮ್ಮಪ್ಪ ಉಸಿರು ಸಿಗದೆ ಒದ್ದಾಡಿದ್ದು ನೀನೂ ನೋಡಿದೀಯ. ಬಣ್ಣದವರಿಗೆ ಹಾಲು ಕೊಡಬೇಕು ಅಂತ ಅವರು ಹೋದ ಮೇಲೆ ಯಾರೋ ಹೇಳಿದ್ರು. ಮೊದಲೇ ಗೊತ್ತಿದ್ದಿದ್ರೆ..." ಅವರು ಹಾಲಿನ ಪಾತ್ರೆಯನ್ನು ಎತ್ತಿ ಹಿಡಿದರು.  "ನಿನಗೂ ಹಾಗೆ ಆಗಬಾರದು ಅಂತ ಅಲ್ವೇನೋ ನಾನು ಕೊಡ್ತಿರೋದು?"

 ಇಷ್ಟು ದಿನದಿಂದ ಈ ಮನುಷ್ಯ ತನ್ನ ಪಕ್ಕ ನಿಂತು ಲೋಟ ಕಾಯುತ್ತಿದ್ದದ್ದು ದರ್ಪಕ್ಕಲ್ಲ, ಭಯಕ್ಕೆ ಎಂದು ಪೇಂಟರ್‌ಗೆ ಆಗಲೇ ಹೊಳೆದದ್ದು.

"ನಾನು ಕೆಲಸ ಬಿಡೋಕೆ ಹೊರಟಿದ್ದೆ ಯಜಮಾನ್ರೆ," ಎಂದ ಮೆಲ್ಲಗೆ. "ಬಣ್ಣವೇ ಕಾರಣ ಅಂದ್ಕೊಂಡು. ಈಗ ಬಿಡಲ್ಲ. ನನ್ನ ಮಾತು ನಂಬಬೇಡಿ. ನೀವೇ ಬಂದು ನರ್ಸಮ್ಮನ್ನ ಕೇಳಿ."

"ಬರ್ತೀನಿ. ಕೇಳೇ ಕೇಳ್ತೀನಿ!" ಯಜಮಾನರು ಪಾತ್ರೆಯನ್ನು ಠಪ್ಪನೆ ಇಟ್ಟರು. ಪೇಂಟರ್‌ನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟರು. ಜಗಳಕ್ಕೆಂದೇ ಹೊರಟವರು, ದಾರಿಯಲ್ಲಿ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ನರ್ಸಮ್ಮ ಅವರ ಕೂಗಾಟವನ್ನು ಪೂರ್ತಿ ಕೇಳಿಸಿಕೊಂಡರು. ಕುರ್ಚಿ ಎಳೆದು ಕೂರಿಸಿದರು. ನೀರು ಕೊಟ್ಟರು.

"ಹಾಲು ಒಳ್ಳೇದೇ ಯಜಮಾನ್ರೆ. ಅರಗೋರಿಗೆ ಕೊಡಿ, ತಪ್ಪಿಲ್ಲ. ಇವರಿಗೆ ಅರಗಲ್ಲ, ಅದಕ್ಕೆ ಬೇಡ. ಆದ್ರೆ ಒಂದು ಮಾತು ಕೇಳ್ತೀನಿ. ಹಾಲು ಕುಡಿದ್ರೆ ಎಲ್ಲಿಗೆ ಹೋಗುತ್ತೆ?"

"ಹೊಟ್ಟೆಗೆ."

"ಬಣ್ಣದ ಗಾಳಿ ಎಳ್ಕೊಂಡ್ರೆ?"

"ಎದೆಗೆ."

"ಎರಡರ ದಾರಿಯೂ ಬೇರೆ. ಹೊಟ್ಟೆಗೆ ಹೋದ ಹಾಲು ಎದೆಗೆ ಹೋಗಿ ಏನನ್ನೂ ತೊಳೆಯೋಕೆ ಆಗಲ್ಲ. ಅದನ್ನ ತಡೆಯೋದು ಮಾಸ್ಕು, ಗಾಳಿ ಹೊರಗೆ ಎಳೆಯೋ ಫ್ಯಾನು. ಇವರು ಮಾಸ್ಕ್ ಬೇಡ ಅಂದಿದ್ದೇ ಹಾಲಿದೆ ಅನ್ನೋ ಧೈರ್ಯದಿಂದ."

 ಯಜಮಾನರು ತಮ್ಮ ಅಂಗೈ ನೋಡಿಕೊಂಡರು. ಈಗ ಅವರ ದನಿಯಲ್ಲಿ ಜಗಳ ಇರಲಿಲ್ಲ.

"ಹಾಗಾದ್ರೆ... ನಮ್ಮಪ್ಪನಿಗೆ ದಿನಾ ಹಾಲು ಕೊಟ್ಟಿದ್ರೂ?"

 "ಅವರ ಕಾಯಿಲೆ ಏನು ಅಂತ ನಾನು ನೋಡಿಲ್ಲ. ಅದರ ಬಗ್ಗೆ ಏನೂ ಹೇಳಲಾರೆ. ಆದ್ರೆ ಹಾಲು ಕೊಡದೇ ಇದ್ದಿದ್ದಕ್ಕೆ ಅವರು ಹೋಗಲಿಲ್ಲ. ಅಷ್ಟು ಮಾತ್ರ ನಾನು ಖಂಡಿತ ಹೇಳ್ತೀನಿ."

"ನಾನು ಕೊಟ್ಟಿರಲಿಲ್ಲ ಅಂತ..."  ಅಷ್ಟು ದೊಡ್ಡ ಆಳು, ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ಮಗುವಿನ ಹಾಗೆ ಅತ್ತುಬಿಟ್ಟರು. ಅಪ್ಪ ಹೋದಾಗಿನಿಂದ ಎದೆಯ ಮೇಲೆ ಹೊತ್ತುಕೊಂಡಿದ್ದ ಭಾರ ಅದು. ಯಾರಿಗೂ ಹೇಳಿರಲಿಲ್ಲ. ದಿನಾ ಲೋಟ ತುಂಬಿಸಿ ಕೊಟ್ಟು ತೀರಿಸುತ್ತಿದ್ದರು.

ಪೇಂಟರ್ ಅವರ ಭುಜದ ಮೇಲೆ ಕೈ ಇಟ್ಟ. ಹಾಗೆ ಕೈ ಇಟ್ಟದ್ದು ಅದೇ ಮೊದಲು.

ವಾಪಸ್ ಬರುವಾಗ ಸ್ಕೂಟರ್ ಮೆಲ್ಲಗೆ ಓಡಿತು. ದಾರಿಯಲ್ಲಿ ಬಣ್ಣದ ಸಾಮಾನಿನ ಅಂಗಡಿಯ ಮುಂದೆ ನಿಲ್ಲಿಸಿ, ಯಜಮಾನರು ಫಿಲ್ಟರ್ ಇರುವ ಮಾಸ್ಕುಗಳನ್ನು ಕೊಂಡರು. ಗೋಡೆಗೆ ಕೂರಿಸುವ ದೊಡ್ಡ ಫ್ಯಾನಿಗೂ ಹೇಳಿದರು. ಮಾಸ್ಕ್ ಹಾಕಿಕೊಂಡ ಪೇಂಟರ್‌ನನ್ನು ಕಂಡು ಸುತ್ತಿಗೆ, ಇದೇನಪ್ಪಾ ಆನೆ ಮೂತಿ ಕತ್ತರಿಸಿ ಅಂಟಿಸಿದ ಹಾಗಿದೆ ಎಂದು ನಕ್ಕ. ಮಾರನೇ ದಿನ ಅವನ ಮುಖಕ್ಕೂ ಒಂದು ಬಂತು. ಅವನ ಹಾಲು ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ತಾನೇ ಕೆಲಸ ಬಿಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದ.

ಎರಡು ವಾರ ಕಳೆದ ಮೇಲೆ ಪೇಂಟರ್ ಮತ್ತೆ ನರ್ಸಮ್ಮನ ಹತ್ತಿರ ಹೋದ. ಅವರು ಹೇಳಿದಂತೆ ಊಟದ ಜೊತೆ ಎಲ್ಲಕ್ಕಿಂತ ಚಿಕ್ಕ ಬಟ್ಟಲಿನಲ್ಲಿ ಹಾಲು ಕುಡಿದು ನೋಡಿದ. ಏನೂ ಆಗಲಿಲ್ಲ. ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದ. ದೊಡ್ಡ ಲೋಟಕ್ಕೆ ಬಂದಾಗ ಹೊಟ್ಟೆ ಹಳೆಯ ರಾಗ ತೆಗೆಯಿತು. ಅಲ್ಲಿಗೆ ಅವನಿಗೆ ತನ್ನ ಹೊಟ್ಟೆಯ ಗಡಿ ಎಲ್ಲಿದೆ ಎಂದು ತಿಳಿಯಿತು. ಆ ಗಡಿ ದಾಟದಿದ್ದರೆ ಆಯಿತು.

"ಹಾಲು ಕಡಿಮೆ ಆದ್ರೆ ಮೂಳೆಗೆ ತೊಂದರೆ ಅಲ್ವಾ?" ಎಂದು, ಇದನ್ನು ತಿಳಿಸಲು ಹೋದಾಗ ಜೊತೆಗೆ ಬಂದಿದ್ದ ಹೆಂಡತಿ ಕೇಳಿದಳು. ಮೊಸರು, ಎಳ್ಳು, ಸೊಪ್ಪು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಇವುಗಳಿಂದ ಸರಿದೂಗಿಸಬಹುದು ಎಂದು ನರ್ಸಮ್ಮ ಹೇಳಿದರು.

ಒಂದೊಂದಾಗಿ ಮರಳಿ ಒಗ್ಗಿದ್ದನ್ನೆಲ್ಲ ಸೇರಿಸಿ ಆ ದಿನ ಮನೆಯಲ್ಲಿ ಅವಳು ಬೇಳೆ ಬೇಯಿಸಿ ಈರುಳ್ಳಿ ಒಗ್ಗರಣೆ ಹಾಕಿದಳು, ಮೊಟ್ಟೆ ಹುರಿದಳು, ಸೊಪ್ಪು ಮಾಡಿದಳು. ಎಷ್ಟೋ ದಿನದ ಮೇಲೆ ಇಬ್ಬರೂ ಎದುರುಬದುರು ಕುಳಿತರು. ಅವನು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ಅವಳು ತಿನ್ನದೆ ಅವನನ್ನೇ ನೋಡುತ್ತಿದ್ದಳು.

"ಏನು?"

"ಏನಿಲ್ಲ. ತಿನ್ನಿ," ಎಂದಳು. ದನಿ ಒದ್ದೆಯಾಗಿತ್ತು.

ಅಷ್ಟರಲ್ಲಿ ಅವಳ ತಮ್ಮನ ಫೋನು ಬಂತು. ಗೋಡೌನಿನವರು ಕೇಳುತ್ತಿದ್ದಾರಂತೆ, ಭಾವ ಯಾವಾಗ ಬರುತ್ತಾರೆ? ಪೇಂಟರ್ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಫೋನ್ ಕಸಿದುಕೊಂಡ.

"ಬರಲ್ಲ ಅಂತ ಹೇಳಿಬಿಡಪ್ಪಾ. ಬೇಕಾದ್ರೆ ಅವರ ಗೇಟಿಗೆ ಬಣ್ಣ ಹೊಡೆದುಕೊಡ್ತೀನಿ!"

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಹೊಟ್ಟೆ ಇದ್ದರೆ ಅವರಿವರ ಮಾತು ಕೇಳಿ ತಟ್ಟೆ ಖಾಲಿ ಮಾಡಬೇಡಿ. ಮಲದಲ್ಲಿ ರಕ್ತ, ಬಿಡದ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಅಂಥದ್ದೇನೂ ಇಲ್ಲದೆ ಹೊಟ್ಟೆ ಪದೇ ಪದೇ ಕೆಡುತ್ತಿದ್ದರೂ ಒಮ್ಮೆ ತೋರಿಸಿ. ಒಬ್ಬರಿಗೆ ಹಾಲು ಒಗ್ಗದಿರಬಹುದು, ಇನ್ನೊಬ್ಬರಿಗೆ ಗೋಧಿ, ಮತ್ತೊಬ್ಬರಿಗೆ ಬೇರೇನೋ. ಗೋಧಿಯ ಮೇಲೆ ಅನುಮಾನ ಇದ್ದರೆ ಪರೀಕ್ಷೆ ಮಾಡಿಸುವ ಮುಂಚೆ ನೀವಾಗಿಯೇ ಬಿಡಬೇಡಿ, ಪರೀಕ್ಷೆಯಲ್ಲಿ ಸರಿಯಾಗಿ ಕಾಣದೆ ಹೋಗಬಹುದು. ಒಂದು ಸಲಕ್ಕೆ ಒಂದನ್ನೇ ಬಿಟ್ಟು, ತಿಳಿದವರ ಸಲಹೆಯಂತೆ ಮತ್ತೆ ಸೇರಿಸಿ ನೋಡಿ.

ಡಾಕ್ಟರು ಏನು ತಿಂದಿರಿ ಎಂದು ಕೇಳಿದಾಗ, ಒಳ್ಳೆಯದು ಎಂದು ನಂಬಿ, ಪ್ರೀತಿಯಿಂದ ಯಾರೋ ಕೊಟ್ಟರು ಎಂದು ನುಂಗಿದ್ದನ್ನೂ ಹೇಳಿ. ನಿಮ್ಮ ಹೊಟ್ಟೆಗೆ ಊಟ ಯಾವುದು, ಔಷಧಿ ಯಾವುದು, ಪ್ರೀತಿ ಯಾವುದು ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಅರಗುತ್ತದೋ ಇಲ್ಲವೋ ಅಷ್ಟೇ ಗೊತ್ತು.